ಕಲಬುರಗಿಯಿಂದ ಕಾರಿನಲ್ಲಿ ಹೊರಟು ಬೀಳುವ ಹಿಮದ ಚಿತ್ರ ಬರೆದು ಬರುವುದು ಹೇಗೆ

ಹಿಮಾಚಲ ಪ್ರದೇಶದ ಮನಾಲಿ ಕಡೆ ಹೋಗಿ ನಾನು ಬರೆದ ಹಿಮದ ಚಿತ್ರಗಳನ್ನು ಕಲಬುರಗಿಯಲ್ಲಿ ಗೋಡೆಗೆ ಹಾಕಿದ ದಿನದಿಂದ ಬಂದವರೆಲ್ಲ ಕೇಳುವುದು ಇಷ್ಟೇ. ಇಲ್ಲಿಂದ ಕಾರಿನಲ್ಲೇ ಹೋದ್ರಾ? ಎಷ್ಟು ದಿನ ಬೇಕು? ಹಿಮ ಬೀಳುವುದನ್ನು ಕಣ್ಣಾರೆ ನೋಡಿದ್ರಾ? ಆ ಚಳಿಯಲ್ಲಿ ಬಣ್ಣ ಹೆಪ್ಪುಗಟ್ಟಲಿಲ್ಲವಾ? ಬೀದರ್, ಯಾದಗಿರಿಯ ಚಿತ್ರಕಲಾ ಶಿಕ್ಷಕರು, ವಿದ್ಯಾರ್ಥಿಗಳು ಫೋನ್ ಮಾಡಿ ಇದನ್ನೇ ಕೇಳುತ್ತಾರೆ. ಒಬ್ಬೊಬ್ಬರಿಗೂ ಅರ್ಧರ್ಧ ಹೇಳುವ ಬದಲು ಎಲ್ಲವನ್ನೂ ಒಂದೇ ಕಡೆ ಬರೆದಿದ್ದೇನೆ.

ಮೊದಲೇ ಒಂದು ಮಾತು. ಬಿದ್ದ ಹಿಮ ನೋಡುವುದು ಬೇರೆ, ಬೀಳುವ ಹಿಮ ನೋಡುವುದು ಬೇರೆ. ಬಿದ್ದ ಹಿಮವನ್ನು ಬಾಡಿಗೆ ಜೀಪ್ ಹತ್ತಿ ಒಂದೇ ಮಧ್ಯಾಹ್ನದಲ್ಲಿ ನೋಡಿ ಬರಬಹುದು. ಬೀಳುವ ಹಿಮಕ್ಕೆ ಕಾಯಬೇಕು. ನಮ್ಮ ಕಡೆಯಿಂದ ಮನಾಲಿಗೆ ಹೋದ ಬಹಳ ಜನ ಎರಡು ರಾತ್ರಿ ಇದ್ದು, ಹಿಮದ ಮೇಲೆ ನಿಂತು ಫೋಟೊ ತೆಗೆಸಿಕೊಂಡು ಬಂದುಬಿಡುತ್ತಾರೆ. ಅವರು ಹೊರಟ ಮರುದಿನ ಹಿಮ ಬಿದ್ದಿರುತ್ತದೆ. ನೀವು ಹಾಗೆ ಬರಬಾರದು ಅನ್ನುವುದೇ ನನ್ನ ಆಸೆ.

ಪದಗಳ ಗೊಂದಲ ಒಂದಿದೆ, ಅದನ್ನೂ ಈಗಲೇ ತೀರಿಸಿಬಿಡೋಣ. ನಾವು ‘ಮಂಜು’ ಅನ್ನುವುದು ಬೆಳಗಿನ ಹೊಗೆಯಂಥ ಮಬ್ಬನ್ನು. ನಮ್ಮಲ್ಲಿ ಬೇಸಿಗೆ ಮಳೆಯ ಜೊತೆ ಬೀಳುವುದು ಆಣೆಕಲ್ಲು. ಹಿಮ ಇವೆರಡೂ ಅಲ್ಲ. ಮೋಡದೊಳಗಿನ ನೀರಾವಿ ನೀರಾಗದೆ ನೇರವಾಗಿ ಆರು ಮೂಲೆಯ ಹರಳಾಗುತ್ತದೆ. ಅಂಥ ಹರಳುಗಳು ಒಂದಕ್ಕೊಂದು ಅಂಟಿಕೊಂಡು ಮೆತ್ತಗೆ ಇಳಿಯುತ್ತವೆ. ಆ ಕಡೆಯವರು ಹಿಂದಿಯಲ್ಲಿ ಅದಕ್ಕೆ ‘ಫಾಹೆ’ ಅನ್ನುತ್ತಾರೆ, ಅಂದರೆ ಹತ್ತಿಯ ಅರಳೆ. ಯಾದಗಿರಿಯ ಹತ್ತಿ ಹೊಲ ನೋಡಿದವರಿಗೆ ಇದಕ್ಕಿಂತ ಒಳ್ಳೆಯ ಹೆಸರು ಬೇಕಿಲ್ಲ.

1. ಯಾವಾಗ ಹೊರಡಬೇಕು, ಎಷ್ಟು ದಿನ ಇಡಬೇಕು

ಜನವರಿ ಕೊನೆಯಿಂದ ಫೆಬ್ರವರಿ ಮಧ್ಯದ ತನಕ ಒಳ್ಳೆಯ ಕಾಲ. ಸಂಕ್ರಾಂತಿ ಮುಗಿದಿರುತ್ತದೆ, ತೊಗರಿ ರಾಶಿಯೂ ಬಹುತೇಕ ಆಗಿರುತ್ತದೆ. ಹೋಳಿಯ ಬೆನ್ನಿಗೆ ಬರುವ ಶರಣಬಸವೇಶ್ವರ ಜಾತ್ರೆಗೆ ಆರಾಮಾಗಿ ವಾಪಸ್ ಬರಬಹುದು.

ಹಿಮಾಲಯದಲ್ಲಿ ಚಳಿಗಾಲದ ಹಿಮ ನಮ್ಮ ಮುಂಗಾರಿನಿಂದ ಬರುವುದಿಲ್ಲ. ಮೆಡಿಟರೇನಿಯನ್ ಸಮುದ್ರದ ಕಡೆಯಿಂದ ಪೂರ್ವಕ್ಕೆ ಸರಿಯುತ್ತಾ ಬರುವ ಮೋಡ ಮಾರುತಗಳ ಸಾಲು ಅದನ್ನು ತರುತ್ತದೆ. ಹವಾಮಾನ ಇಲಾಖೆಯವರು ಇದಕ್ಕೆ ‘ವೆಸ್ಟರ್ನ್ ಡಿಸ್ಟರ್ಬೆನ್ಸ್’ ಅನ್ನುತ್ತಾರೆ, ಅಂದರೆ ಪಶ್ಚಿಮದಿಂದ ಬರುವ ಗಾಳಿಯ ಏರುಪೇರು. ಈ ಪದವನ್ನು ನೆನಪಿಟ್ಟುಕೊಳ್ಳಿ. ಹಿಮಾಚಲದ ಮುನ್ಸೂಚನೆಯಲ್ಲಿ ಇದು ಕಂಡರೆ ಒಂದೆರಡು ದಿನದಲ್ಲಿ ಹಿಮ ಬೀಳುವ ಸಾಧ್ಯತೆ ಇದೆ. ಒಂದು ಅಲೆ ಬಂದು ಹೋದ ಮೇಲೆ ಹಲವು ದಿನ ಬರೀ ಬಿಸಿಲಿರಬಹುದು. ಅದಕ್ಕೇ ಎರಡು ರಾತ್ರಿಯ ಪ್ರವಾಸ ಸಾಲುವುದಿಲ್ಲ.

ನನ್ನ ಲೆಕ್ಕ ಹೀಗಿದೆ. ಹೋಗಲು ಐದು ದಿನ, ಅಲ್ಲಿ ಆರು ದಿನ, ಬರಲು ಐದು ದಿನ. ಒಟ್ಟು ಹದಿನಾರು. ಅಷ್ಟು ರಜೆ ಇಲ್ಲದಿದ್ದರೆ ಕಾರು ಬಿಡಿ. ಯಾದಗಿರಿ, ಕಲಬುರಗಿ ಎರಡೂ ಕಡೆ ನಿಲ್ಲುವ ಕರ್ನಾಟಕ ಎಕ್ಸ್‌ಪ್ರೆಸ್ ಹತ್ತಿ ದೆಹಲಿಗೆ ಹೋಗಿ, ಅಲ್ಲಿಂದ ರಾತ್ರಿ ಬಸ್ಸಿಗೆ ಮನಾಲಿ ಸೇರಿ. ಉಳಿಯುವ ಆರು ದಿನ ಮಾತ್ರ ಕಡಿಮೆ ಮಾಡಬೇಡಿ. ದಾರಿಯಲ್ಲಿ ಉಳಿಸಿ, ಕಾಯುವುದರಲ್ಲಿ ಉಳಿಸಬೇಡಿ.

2. ಕಾರನ್ನು ಚಳಿಗೆ ತಯಾರು ಮಾಡುವುದು

ನಮ್ಮ ಕಾರುಗಳೆಲ್ಲ ಬಿಸಿಲಿಗೆ ಪಳಗಿದವು. ಮೇ ತಿಂಗಳಲ್ಲಿ ಎಂಜಿನ್ ಕಾದಾಗ ರೇಡಿಯೇಟರಿಗೆ ಬಾಟಲಿ ನೀರು ಸುರಿಯುವುದು ನಮ್ಮಲ್ಲಿ ಮಾಮೂಲು. ಅಲ್ಲಿ ಇದೇ ದೊಡ್ಡ ಅಪಾಯ. ನೀರು ಹೆಪ್ಪುಗಟ್ಟಿದರೆ ಸುಮಾರು ನೂರಕ್ಕೆ ಒಂಬತ್ತರಷ್ಟು ಹಿಗ್ಗುತ್ತದೆ. ರೇಡಿಯೇಟರ್ ಬಿರಿಯುತ್ತದೆ, ಎಂಜಿನ್ನೇ ಸೀಳಬಹುದು. ಹೊರಡುವ ಮುಂಚೆ ಗ್ಯಾರೇಜಿನಲ್ಲಿ ಹಳೆಯ ನೀರನ್ನು ಪೂರ್ತಿ ತೆಗೆಸಿ. ಅರ್ಧ ಕೂಲೆಂಟ್, ಅರ್ಧ ಡಿಸ್ಟಿಲ್ಡ್ ವಾಟರ್ ಹಾಕಿಸಿ. ಕೂಲೆಂಟ್ ಅಂದರೆ ಕುದಿಯುವುದನ್ನೂ ಹೆಪ್ಪುಗಟ್ಟುವುದನ್ನೂ ತಡೆಯುವ ಬಣ್ಣದ ದ್ರವ. ‘ಸುಮ್ನೆ ಖರ್ಚು, ನೀರೇ ಸಾಕು’ ಅಂತ ನನಗೆ ಒಂದು ಗ್ಯಾರೇಜಿನಲ್ಲಿ ಹೇಳಿದ್ದರು. ಒಪ್ಪಬೇಡಿ, ಎದುರಿಗೆ ನಿಂತು ಹಾಕಿಸಿಕೊಳ್ಳಿ.

ಚಳಿಗೆ ಬ್ಯಾಟರಿಯ ಬಲ ಕುಗ್ಗುತ್ತದೆ. ಮೂರು ವರ್ಷ ದಾಟಿದ ಬ್ಯಾಟರಿ ಇದ್ದರೆ ಪರೀಕ್ಷೆ ಮಾಡಿಸಿ. ಟೈರಿನ ಗೀರು ಸವೆದಿದ್ದರೆ ಬದಲಿಸಿ. ವೈಪರ್ ರಬ್ಬರ್ ನಮ್ಮ ಬಿಸಿಲಿಗೆ ಒಣಗಿ ಸೀಳಿರುತ್ತದೆ, ಹೊಸದು ಹಾಕಿಸಿ. ಗಾಜು ತೊಳೆಯುವ ಟ್ಯಾಂಕಿನ ನೀರನ್ನು ಹಿಮಾಚಲದ ಮಂಡಿ ಊರು ದಾಟುವ ಮುಂಚೆ ಖಾಲಿ ಮಾಡಿ. ಡೀಸೆಲ್ ಕಾರಿನವರಿಗೆ ಇನ್ನೊಂದು ಮಾತು. ಕಡು ಚಳಿಯಲ್ಲಿ ಡೀಸೆಲ್ಲಿನೊಳಗಿನ ಮೇಣ ಗಟ್ಟಿಯಾಗಿ ಫಿಲ್ಟರ್ ಕಟ್ಟುತ್ತದೆ. ಕೆಳಗಿನ ಬಯಲುಸೀಮೆಯಲ್ಲಿ ತುಂಬಿಸಿದ ಡೀಸೆಲ್ ಇಟ್ಟುಕೊಂಡು ಎತ್ತರದ ಊರಿನಲ್ಲಿ ರಾತ್ರಿ ತೆರೆದ ಜಾಗದಲ್ಲಿ ಗಾಡಿ ನಿಲ್ಲಿಸಬೇಡಿ.

ಕಾಗದಪತ್ರಗಳು: ಆರ್‌ಸಿ, ಲೈಸೆನ್ಸ್, ವಿಮೆ, ಹೊಗೆ ತಪಾಸಣೆ ಪತ್ರ. ಹೊಗೆ ಪತ್ರದ ದಿನ ಮುಗಿದಿದೆಯಾ ನೋಡಿ, ಬಹಳ ಜನ ಇದರಲ್ಲೇ ಸಿಕ್ಕಿಬೀಳುತ್ತಾರೆ. ಕಾರು ಹಳೆಯದಾಗಿದ್ದರೆ ಇನ್ನೂ ಜಾಸ್ತಿ ಎಚ್ಚರ ಬೇಕು. ದೆಹಲಿ ಸುತ್ತಮುತ್ತ ಹತ್ತು ವರ್ಷ ದಾಟಿದ ಡೀಸೆಲ್, ಹದಿನೈದು ವರ್ಷ ದಾಟಿದ ಪೆಟ್ರೋಲ್ ಗಾಡಿಗಳ ಮೇಲೆ ನಿರ್ಬಂಧ ತಂದಿದ್ದಾರೆ, ಯಾವ ಗಾಡಿಗೆ ಅನ್ವಯ ಅನ್ನುವುದು ಆಗಾಗ ಬದಲಾಗುತ್ತದೆ. ಚಳಿಗಾಲದಲ್ಲಿ ಅಲ್ಲಿ ಗಾಳಿ ತೀರಾ ಕೆಟ್ಟಾಗ ಬಿಎಸ್-3 ಪೆಟ್ರೋಲ್, ಬಿಎಸ್-4 ಡೀಸೆಲ್ ಕಾರುಗಳನ್ನೂ ತಡೆಯುತ್ತಾರೆ. ಬಿಎಸ್ ಅಂದರೆ ಹೊಗೆಯ ಮಟ್ಟದ ದರ್ಜೆ, ಆರ್‌ಸಿಯಲ್ಲಿ ಬರೆದಿರುತ್ತದೆ. ಹೊರಡುವ ವಾರ ಆ ದಿನದ ನಿಯಮ ನೋಡಿಕೊಂಡೇ ಹೊರಡಿ.

ಖರ್ಚಿನಲ್ಲಿ ದೊಡ್ಡದು ಇಂಧನ. ಹೋಗಿ ಬಂದು, ಅಲ್ಲಿನ ಓಡಾಟ ಸೇರಿ ಸುಮಾರು 4,800 ಕಿ.ಮೀ. ಲೀಟರಿಗೆ 16 ಕಿ.ಮೀ. ಕೊಡುವ ಕಾರಿಗೆ 300 ಲೀಟರ್ ಬೇಕು. ಟೋಲಿಗೆ ಫಾಸ್ಟ್ಯಾಗ್ ವಾರ್ಷಿಕ ಪಾಸ್ ಲಾಭ. 2025ರ ಆಗಸ್ಟ್ 15ರಂದು ಇದು ಶುರುವಾದಾಗ ದರ 3,000 ರೂಪಾಯಿ ಇತ್ತು. ಒಂದು ವರ್ಷ ಅಥವಾ 200 ಸಲ ಟೋಲ್ ದಾಟುವ ತನಕ, ಯಾವುದು ಮೊದಲೋ ಅದು. ಸ್ವಂತ ಕಾರಿಗೆ ಮಾತ್ರ, ರಾಷ್ಟ್ರೀಯ ಹೆದ್ದಾರಿಗಳಲ್ಲಿ ಮಾತ್ರ.

3. ಬಟ್ಟೆ, ಬುತ್ತಿ

ಒಂದೇ ದಪ್ಪ ಸ್ವೆಟರ್ ಹಾಕಿಕೊಂಡು ಹೋಗುವುದು ನಮ್ಮವರ ಮಾಮೂಲು ತಪ್ಪು. ಮೂರು ಪದರ ಬೇಕು. ಮೈಗೆ ಅಂಟುವ ಥರ್ಮಲ್, ಅದರ ಮೇಲೆ ಉಣ್ಣೆ, ಎಲ್ಲಕ್ಕಿಂತ ಮೇಲೆ ಗಾಳಿ ನೀರು ತಡೆಯುವ ಜಾಕೆಟ್. ಒಳಗೆ ಹತ್ತಿ ಬನಿಯನ್, ಹತ್ತಿ ಸಾಕ್ಸ್ ಬೇಡ. ಹತ್ತಿ ಬೆವರನ್ನು ಹಿಡಿದಿಟ್ಟು ಮೈ ತಣ್ಣಗೆ ಮಾಡುತ್ತದೆ. ಹಿಮದಲ್ಲಿ ನಡೆಯುವ ಗಂಬೂಟು, ದೊಗಳೆ ಕೋಟು ಮನಾಲಿಯಿಂದ ಮೇಲಿನ ಕಣಿವೆಯಾದ ಸೋಲಂಗ್‌ಗೆ ಹೋಗುವ ದಾರಿಯಲ್ಲಿ ಬಾಡಿಗೆಗೆ ಸಿಗುತ್ತವೆ, ಕೊಳ್ಳಬೇಕಿಲ್ಲ. ಕಪ್ಪು ಕನ್ನಡಕ ಖಂಡಿತ ಬೇಕು. ಬಿಸಿಲು ಬಿದ್ದ ಹಿಮವನ್ನು ಬರಿಗಣ್ಣಲ್ಲಿ ದಿನವಿಡೀ ನೋಡಿದರೆ ಕಣ್ಣು ಉರಿದು ನೀರು ಸುರಿಯುತ್ತದೆ, ಒಂದೆರಡು ದಿನ ಕಣ್ಣು ಬಿಡಲಿಕ್ಕೇ ಆಗುವುದಿಲ್ಲ. ಚಿತ್ರಕಾರರಿಗೆ ಇದಕ್ಕಿಂತ ದೊಡ್ಡ ನಷ್ಟ ಇಲ್ಲ.

ಕಾರಿನಲ್ಲಿ ಒಂದು ಕೌದಿ, ಒಂದು ಕಂಬಳಿ ಇರಲಿ. ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿ, ಶೇಂಗಾ ಉಂಡಿ ಕಟ್ಟಿಕೊಳ್ಳಿ. ಹದಿನಾರು ದಿನಕ್ಕೂ ಕೆಡುವುದಿಲ್ಲ. ದಾರಿಯಲ್ಲಿ ಮೊಸರು ಎಲ್ಲ ಕಡೆ ಸಿಗುತ್ತದೆ, ಊಟದ ಚಿಂತೆ ಅಲ್ಲಿಗೆ ಮುಗಿಯಿತು.

4. ಬಣ್ಣದ ಪೆಟ್ಟಿಗೆ

ಅಕ್ರಿಲಿಕ್ (ಒಣಗಿದರೆ ಪ್ಲಾಸ್ಟಿಕ್ ಪೊರೆಯಾಗುವ ಬಣ್ಣ) ಬಿಟ್ಟು ಹೋಗಿ. ಸುಮಾರು ಹತ್ತು ಡಿಗ್ರಿಗಿಂತ ಕೆಳಗೆ ಅದರ ಪೊರೆ ಸರಿಯಾಗಿ ಕೂಡುವುದಿಲ್ಲ, ಆಮೇಲೆ ಪುಡಿಯಾಗಿ ಉದುರುತ್ತದೆ. ಟ್ಯೂಬಿನೊಳಗೇ ಹೆಪ್ಪುಗಟ್ಟಿದರೆ ಬಣ್ಣವೇ ಹಾಳು. ತೈಲವರ್ಣ ಚಳಿಗೆ ಬಿಗಿಯಾಗುತ್ತದೆ, ಆದರೆ ಕೆಡುವುದಿಲ್ಲ. ಒಣಗಲು ದಿನಗಟ್ಟಲೆ ಹಿಡಿಯುವುದರಿಂದ ಕಾರಿನಲ್ಲಿ ಸಾಗಿಸುವುದೇ ಕಷ್ಟ. ನನ್ನ ಆಯ್ಕೆ ಜಲವರ್ಣ, ಇದ್ದಿಲು, ಪೆನ್ಸಿಲ್.

ಜಲವರ್ಣದ ತೊಂದರೆ ಎಲ್ಲರಿಗೂ ಗೊತ್ತಿದ್ದದ್ದೇ. ಸೊನ್ನೆ ಡಿಗ್ರಿಗೆ ನೀರು ಹೆಪ್ಪುಗಟ್ಟುತ್ತದೆ. ಮೊದಲ ಸಲ ನನ್ನ ಕುಂಚದ ಗೆರೆ ಕಾಗದದ ಮೇಲೇ ಜರಿಗಿಡದ ಎಲೆಯ ಹಾಗೆ ಹರಳುಗಟ್ಟಿತ್ತು. ನೋಡಲು ಬಹಳ ಚೆಂದ. ಕೋಣೆಯೊಳಗೆ ತಂದಾಗ ಕರಗಿ ಎಲ್ಲ ಹರಿದುಹೋಯಿತು. ಇದಕ್ಕೆ ಪರಿಹಾರ ಇದೆ. ಬಣ್ಣದ ನೀರಿಗೆ ವೋಡ್ಕಾ ಬೆರೆಸಬೇಕು. ಅರ್ಧಕ್ಕರ್ಧ ಬೆರೆಸಿದರೆ ಸೊನ್ನೆಗಿಂತ ಸುಮಾರು ಏಳೆಂಟು ಡಿಗ್ರಿ ಕೆಳಗೂ ಬಣ್ಣ ಹರಿಯುತ್ತದೆ. ಇದನ್ನು ಹಿಮಾಚಲದಲ್ಲೇ ಕೊಳ್ಳಿ. ಒಂದೊಂದು ರಾಜ್ಯದಲ್ಲೂ ಮದ್ಯ ಸಾಗಿಸುವ ನಿಯಮ ಬೇರೆ ಬೇರೆ. ಜೊತೆಗೆ ಒಂದು ಥರ್ಮಾಸ್ ಬಿಸಿನೀರು ಇರಲಿ.

ಉಳಿದ ಸಾಮಾನು ಇಷ್ಟು: 300 ಜಿಎಸ್ಎಂ ಹತ್ತಿ ಕಾಗದ (ಜಿಎಸ್ಎಂ ಅಂದರೆ ಒಂದು ಚದರ ಮೀಟರ್ ಕಾಗದದ ಗ್ರಾಂ ತೂಕ, ಜಾಸ್ತಿ ಇದ್ದಷ್ಟೂ ಕಾಗದ ದಪ್ಪ), ಬಿಳಿ ಗ್ವಾಷ್ ಒಂದು ಟ್ಯೂಬ್ (ಗ್ವಾಷ್ ಅಂದರೆ ಕೆಳಗಿನ ಬಣ್ಣ ಮುಚ್ಚುವಂಥ ದಪ್ಪ ಜಲವರ್ಣ), ಅಲ್ಟ್ರಾಮರೀನ್ ನೀಲಿ, ಬರ್ಂಟ್ ಸಿಯೆನ್ನಾ ಅನ್ನುವ ಇಟ್ಟಿಗೆ ಕಂದು, ಯೆಲ್ಲೋ ಓಕರ್ ಅನ್ನುವ ಮಣ್ಣಿನ ಹಳದಿ, ಒಂದು ಮೇಣದಬತ್ತಿ, ಒಂದು ಹಳೆಯ ಹಲ್ಲುಜ್ಜುವ ಬ್ರಷ್, ಹತ್ತು ಹಾಳೆ ಕಪ್ಪು ಕಾಗದ, ಒಂದು ಬಿಳಿ ಪೆನ್ಸಿಲ್. ಬಾಲ್‌ಪೆನ್ ಚಳಿಗೆ ನಿಂತುಹೋಗುತ್ತದೆ, ನಂಬಬೇಡಿ. ಬೆರಳ ತುದಿ ತೆರೆದಿರುವ ತೆಳು ಕೈಗವಸು, ಅದರ ಮೇಲೆ ದೊಡ್ಡ ಗವಸು ಹಾಕಿಕೊಳ್ಳಿ.

5. ಹೊರಡುವ ಮುಂಚೆ ಮನೆಯಲ್ಲೇ ಕಣ್ಣಿಗೆ ಅಭ್ಯಾಸ

ಈ ಹಂತವನ್ನು ಬಿಡಬೇಡಿ. ಹಿಮ ಬಿಳಿ ಅಂದುಕೊಂಡು ಹೋದವರು ಅಲ್ಲಿ ಬಿಳಿ ಬಣ್ಣ ಬಳಿದು ಬರುತ್ತಾರೆ.

ಬಿಸಿಲಿರುವಾಗ ಮಾಳಿಗೆ ಮೇಲೆ ಒಂದು ಬಿಳಿ ಧೋತರ ಮುದುರಿ ಇಡಿ. ಬೆಳಗ್ಗೆ ಹತ್ತು ಗಂಟೆಗೆ ಅದರ ಮಡಿಕೆಗಳ ನೆರಳು ನೋಡಿ. ನೆರಳು ಬೂದಿ ಅಲ್ಲ, ನೀಲಿ. ಬಿಸಿಲು ತಾಗದ ಜಾಗಕ್ಕೆ ಆಕಾಶದ ಬೆಳಕು ಮಾತ್ರ ಬೀಳುತ್ತದೆ, ಅದಕ್ಕೇ ಹಾಗೆ. ಹಿಮದ ಮೇಲೆ ಇದೇ ನೀಲಿ ಇನ್ನೂ ಗಾಢವಾಗಿ ಕಾಣುತ್ತದೆ. ಸಂಜೆ ಐದಕ್ಕೆ ಮತ್ತೆ ನೋಡಿ. ಬಿಸಿಲು ಬಿದ್ದ ಕಡೆ ಹಳದಿ, ನೆರಳಲ್ಲಿ ನೇರಳೆ. ನಾಲ್ಕು ದಿನ ಇದನ್ನೇ ಬರೆಯಿರಿ. ಬಿಳಿ ಬಣ್ಣ ಮುಟ್ಟದೆ, ಕಾಗದದ ಬಿಳಿಯನ್ನೇ ಬಿಡುತ್ತಾ ಬರೆಯಿರಿ.

ಇನ್ನೊಂದು ಪಾಠ ಬೀದರ್‌ನಲ್ಲಿದೆ. ಬಿದರಿ ಕೆಲಸ ಮಾಡುವವರ ಅಂಗಡಿಯಲ್ಲಿ ಅರ್ಧ ದಿನ ಕೂತು ಬನ್ನಿ. ಸತು ಮತ್ತು ತಾಮ್ರದ ಎರಕದ ಮೇಲೆ ಬೆಳ್ಳಿ ಎಳೆ ಕೂರಿಸುತ್ತಾರೆ. ಉಜ್ಜಿ ನುಣುಪು ಮಾಡಿದಾಗ ಬೆಳ್ಳಿ ಅಷ್ಟಾಗಿ ಕಾಣುವುದಿಲ್ಲ, ಎರಡೂ ಬೆಳ್ಳಗೇ. ಆಮೇಲೆ ಬೀದರ್ ಕೋಟೆಯ ಮಣ್ಣು, ನವಸಾಗರ ಅನ್ನುವ ಉಪ್ಪು ಬೆರೆಸಿದ ಬಿಸಿ ದ್ರಾವಣದಲ್ಲಿ ಅದ್ದುತ್ತಾರೆ. ಎರಕ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಿಯಾಗಿಯೇ ಉಳಿಯುತ್ತದೆ. ಆಗ ಇಡೀ ಬಳ್ಳಿ, ಹೂವು ಒಮ್ಮೆಲೇ ಎದ್ದು ಬರುತ್ತದೆ. ಬೀಳುವ ಹಿಮವೂ ಹೀಗೇ. ಹಿಂದೆ ಕಪ್ಪಿದ್ದರೆ ಮಾತ್ರ ಕಾಣುತ್ತದೆ. ಎಂಟನೇ ಹಂತದಲ್ಲಿ ಇದು ಮತ್ತೆ ಬೇಕಾಗುತ್ತದೆ.

6. ದಾರಿ

ಒಂದು ಕಡೆಗೆ ಸುಮಾರು 2,200 ಕಿ.ಮೀ. ಬಹುಪಾಲು ಹೆದ್ದಾರಿ 44, ಶ್ರೀನಗರದಿಂದ ಕನ್ಯಾಕುಮಾರಿಗೆ ಹೋಗುವ ರಸ್ತೆ. ಅದನ್ನು ನಾವು ನಾಗಪುರದಲ್ಲಿ ಹಿಡಿಯುತ್ತೇವೆ.

ಮೊದಲ ದಿನ ಕಲಬುರಗಿ, ಹುಮನಾಬಾದ್, ಬೀದರ್, ನಾಂದೇಡ್ ದಾಟಿ ನಾಗಪುರ, ಸುಮಾರು 600 ಕಿ.ಮೀ. ಇದೊಂದೇ ಉದ್ದದ ದಿನ. ಎರಡನೇ ದಿನ ಸಿವನಿ, ನರಸಿಂಗಪುರ ದಾಟಿ ಸಾಗರ. ನಾಗಪುರ–ಸಿವನಿ ನಡುವೆ ಪೆಂಚ್ ಕಾಡಿದೆ. ಹುಲಿ, ಜಿಂಕೆ ಅಡಿಯಿಂದ ದಾಟಲಿ ಅಂತ ಅಲ್ಲಿ ರಸ್ತೆಯನ್ನೇ ಎತ್ತರಿಸಿ ಕಟ್ಟಿದ್ದಾರೆ. ನಡುವೆ ಗಾಡಿ ನಿಲ್ಲಿಸಬೇಡಿ. ಮೂರನೇ ದಿನ ಝಾನ್ಸಿ, ಗ್ವಾಲಿಯರ್ ಮೇಲೆ ಆಗ್ರಾ. ನಾಲ್ಕನೇ ದಿನ ಅಂಬಾಲಾ. ದೆಹಲಿಯೊಳಗೆ ಹೋಗಬೇಡಿ. ಪಲ್ವಲ್ ಹತ್ತಿರ ಈಸ್ಟರ್ನ್ ಪೆರಿಫೆರಲ್ ಎಕ್ಸ್‌ಪ್ರೆಸ್‌ವೇ ಹತ್ತಿದರೆ 135 ಕಿ.ಮೀ. ಸುತ್ತಿಕೊಂಡು ಕುಂಡ್ಲಿಯಲ್ಲಿ ಇಳಿಯುತ್ತೀರಿ. ಐದನೇ ದಿನ ಕಿರತ್‌ಪುರ, ಬಿಲಾಸ್‌ಪುರ, ಮಂಡಿ, ಕುಲ್ಲು.

ಇಲ್ಲಿ ನಮ್ಮವರು ಮಾಡುವ ತಪ್ಪು ಒಂದಿದೆ, ಜೀವಕ್ಕೆ ಕುತ್ತು ತರುವಂಥದ್ದು. ಬಿಸಿಲೇರುವ ಮುಂಚೆ ಊರು ದಾಟಬೇಕು ಅಂತ ನಾವು ಬೆಳಗಿನ ಜಾವ ನಾಲ್ಕಕ್ಕೆ ಹೊರಡುತ್ತೇವೆ. ನಾಗಪುರದ ತನಕ ಅದು ಸರಿ. ಗ್ವಾಲಿಯರ್‌ನಿಂದ ಅಂಬಾಲಾ ತನಕ ಜನವರಿಯ ಬೆಳಗಿನಲ್ಲಿ ಮಂಜು ಕವಿದು ಹತ್ತು ಹೆಜ್ಜೆ ಮುಂದಿನ ಲಾರಿಯೂ ಕಾಣುವುದಿಲ್ಲ. ಸಾಲು ಸಾಲು ಗಾಡಿಗಳು ಒಂದರ ಹಿಂದೆ ಒಂದು ಗುದ್ದಿಕೊಳ್ಳುವುದು ಆ ಹೊತ್ತಿನಲ್ಲೇ. ಆ ಭಾಗದಲ್ಲಿ ಹತ್ತು ಗಂಟೆಗೆ ಹೊರಡಿ, ಕತ್ತಲಾಗುವ ಮುಂಚೆ ನಿಲ್ಲಿಸಿ. ಮಧ್ಯದಲ್ಲಿ ಮಂಜು ಕವಿದರೆ ಲೋ ಬೀಮ್ ಹಾಕಿ. ಹೈ ಬೀಮ್ ಬೆಳಕು ಮಂಜಿಗೆ ತಾಗಿ ನಿಮ್ಮ ಕಣ್ಣಿಗೇ ಹೊಡೆಯುತ್ತದೆ.

ಮಂಡಿಯಿಂದ ಮೇಲೆ ಬಿಯಾಸ್ ನದಿಯ ದಂಡೆಯ ರಸ್ತೆ. 2023ರ ಜುಲೈ ಪ್ರವಾಹದಲ್ಲಿ ಇದು ಹಲವು ಕಡೆ ಕೊಚ್ಚಿಹೋಗಿತ್ತು. ಗುಡ್ಡ ಈಗಲೂ ಕುಸಿಯುತ್ತದೆ. ಹಗಲಲ್ಲೇ ದಾಟಿ.

7. ಎಲ್ಲಿ ಕಾಯಬೇಕು

ನಾನು ಮನಾಲಿ ಪೇಟೆಗಿಂತ ನಗ್ಗರ್ ಊರನ್ನು ಹೇಳುತ್ತೇನೆ. ಕುಲ್ಲು–ಮನಾಲಿ ನಡುವೆ, ಮನಾಲಿಯಿಂದ ಸುಮಾರು 20 ಕಿ.ಮೀ. ಕೆಳಗೆ, ನದಿಯ ಎಡದಂಡೆಯಲ್ಲಿದೆ. ರಷ್ಯದ ಚಿತ್ರಕಾರ ನಿಕೊಲಾಯ್ ರೋರಿಕ್ 1928ರಲ್ಲಿ ಇಲ್ಲಿಗೆ ಬಂದು ನೆಲೆಸಿ, 1947ರಲ್ಲಿ ಇಲ್ಲೇ ತೀರಿಕೊಂಡರು. ಅವರ ಮನೆ ಈಗ ಚಿತ್ರಶಾಲೆ. ಹಿಮಾಲಯವನ್ನು ನೀಲಿ, ನೇರಳೆಯಲ್ಲಿ ಬರೆದವರು ಅವರು. ಅವರ ಮಗ ಸ್ವೆತೊಸ್ಲಾವ್ ನಮ್ಮ ಬೆಂಗಳೂರಿನ ತಾತಗುಣಿಯಲ್ಲಿ ಚಿತ್ರನಟಿ ದೇವಿಕಾರಾಣಿಯವರ ಜೊತೆ ಬಾಳಿದವರು. ಕರ್ನಾಟಕ ಚಿತ್ರಕಲಾ ಪರಿಷತ್ತಿನಲ್ಲಿ ರೋರಿಕ್ ಚಿತ್ರಗಳಿವೆ. ಬೆಂಗಳೂರಿಗೆ ಹೋದಾಗ ಅವನ್ನು ಮೊದಲು ನೋಡಿಕೊಂಡು ಹೋದರೆ, ನಗ್ಗರ್‌ನಲ್ಲಿ ನಿಂತಾಗ ಆ ನೀಲಿ ಎಲ್ಲಿಂದ ಬಂತು ಅಂತ ನಿಮಗೇ ಗೊತ್ತಾಗುತ್ತದೆ.

ನಗ್ಗರ್‌ನ ಹಳೆಯ ಮನೆಗಳ ಗೋಡೆ ಒಂದು ಸಾಲು ಕಲ್ಲು, ಒಂದು ಸಾಲು ಮರದ ತೊಲೆ. ಇದಕ್ಕೆ ಕಾಠ್‌ಕುಣಿ ಅನ್ನುತ್ತಾರೆ. ಮೇಲೆ ತೆಳು ಕಲ್ಲಿನ ಹಾಸು. ದೂರದಿಂದ ನೋಡಿದರೆ ನಮ್ಮ ಶಹಾಬಾದ್ ಫರ್ಸಿಯನ್ನೇ ಹೆಂಚಾಗಿ ಹೊದಿಸಿದ ಹಾಗಿರುತ್ತದೆ. ಹಿಮ ಕೂತಾಗ ಆ ಕಪ್ಪು ತೊಲೆಗಳು ಚಿತ್ರಕ್ಕೆ ತಾವೇ ಗೆರೆ ಹಾಕಿಕೊಡುತ್ತವೆ.

ಹಿಮ ಬೀಳುವ ಸೂಚನೆ ಬಂದ ದಿನ ಇನ್ನೂ ಮೇಲಕ್ಕೆ, ಮನಾಲಿಗೆ ಸರಿಯಿರಿ. ಮನಾಲಿ ಸುಮಾರು 2,050 ಮೀಟರ್ ಎತ್ತರದಲ್ಲಿದೆ. ಕಲಬುರಗಿ ಐನೂರು ಮೀಟರೂ ಇಲ್ಲ. ಮೊದಲ ದಿನ ಓಡಾಡಬೇಡಿ, ನೀರು ಕುಡಿದು ಮಲಗಿ. ಅಟಲ್ ರಸ್ತೆ ಸುರಂಗ ದಾಟಿ ಸಿಸ್ಸು ಊರಿಗೆ ಹೋದರೆ 3,000 ಮೀಟರ್ ಮೇಲಾಗುತ್ತದೆ. ಅಲ್ಲಿ ತಲೆ ಸಿಡಿಯುವುದು, ವಾಕರಿಕೆ ಶುರುವಾದರೆ ಗುಳಿಗೆ ನುಂಗಿ ಕೂರಬೇಡಿ, ಕೆಳಗೆ ಇಳಿಯಿರಿ.

8. ಹಿಮ ಬೀಳತೊಡಗಿದಾಗ

ಸೂಚನೆಗಳು ಇವು. ಆಕಾಶ ಒಂದೇ ಸಮ ಬೂದು ಬಣ್ಣ ಆಗುತ್ತದೆ, ಬೆಟ್ಟದ ತುದಿಗಳು ಕಾಣೆಯಾಗುತ್ತವೆ, ಕೊರೆಯುವ ಚಳಿ ಸ್ವಲ್ಪ ಸಡಿಲಾದ ಹಾಗೆ ಅನ್ನಿಸುತ್ತದೆ. ಮೊದಲು ಒಂದೆರಡು ಹನಿ ಮಳೆ ಬರಬಹುದು. ಚಹಾ ಅಂಗಡಿಯವರನ್ನು ಕೇಳಿ, ಅವರು ಆಕಾಶ ನೋಡಿಯೇ ಹೇಳುತ್ತಾರೆ.

ನಾವು ಮಳೆಯನ್ನು ಮೊದಲು ಕಿವಿಯಿಂದ ತಿಳಿಯುತ್ತೇವೆ. ಪತ್ರಾಸಿನ ಮೇಲೆ ಟಪಟಪ ಸದ್ದು ಬಂದರೆ ಮಳೆ. ಹಿಮಕ್ಕೆ ಸದ್ದಿಲ್ಲ. ಕಿಟಕಿ ಮುಚ್ಚಿ ಮಲಗಿದರೆ ರಾತ್ರಿಯೆಲ್ಲ ಬಿದ್ದರೂ ಗೊತ್ತಾಗುವುದಿಲ್ಲ. ಉಲ್ಟಾ, ಇದ್ದ ಸದ್ದೂ ಕಡಿಮೆಯಾಗುತ್ತದೆ, ಹೊಸ ಹಿಮ ಸದ್ದನ್ನು ಹೀರಿಕೊಳ್ಳುತ್ತದೆ. ರಾತ್ರಿ ಇದ್ದಕ್ಕಿದ್ದಂತೆ ನಾಯಿ, ಗಾಡಿ ಯಾವುದೂ ಕೇಳಿಸುತ್ತಿಲ್ಲ ಅನ್ನಿಸಿದರೆ ಎದ್ದು ಬಾಗಿಲು ತೆರೆಯಿರಿ. ನನಗೆ ಮೊದಲ ಹಿಮ ಸಿಕ್ಕಿದ್ದು ಹಾಗೇ, ರಾತ್ರಿ ಎರಡು ಗಂಟೆಗೆ. ಬೀದಿ ದೀಪದ ಕೆಳಗೆ ಮಾತ್ರ ಬೀಳುತ್ತಿದೆ ಅಂದುಕೊಂಡೆ. ಕೈ ಚಾಚಿದಾಗ ಕತ್ತಲಲ್ಲೂ ಬೀಳುತ್ತಿತ್ತು.

ಮೊದಲ ಹದಿನೈದು ನಿಮಿಷ ಏನೂ ಬರೆಯಬೇಡಿ. ಫೋನನ್ನೂ ಒಳಜೇಬಿನಲ್ಲೇ ಇಡಿ, ಹೊರಗೆ ತೆಗೆದರೆ ಚಳಿಗೆ ಬ್ಯಾಟರಿ ಬೇಗ ಇಳಿಯುತ್ತದೆ. ಸುಮ್ನೆ ನಿಂತು ನೋಡಿ. ಮೊದಲು ತಲೆಯೆತ್ತಿ ಆಕಾಶಕ್ಕೆ ನೋಡಿ. ಹಿಮದ ಅರಳೆಗಳು ಅಲ್ಲಿ ಬಿಳಿ ಅಲ್ಲ, ಬೂದಿಯ ಚೂರುಗಳ ಹಾಗೆ ಕಪ್ಪಗೆ ಕಾಣುತ್ತವೆ. ಆಕಾಶ ಅವುಗಳಿಗಿಂತ ಬೆಳ್ಳಗಿರುತ್ತದೆ, ಅದಕ್ಕೆ. ಈಗ ಕಣ್ಣು ನಿಧಾನ ಕೆಳಗೆ ತನ್ನಿ. ಅದೇ ಅರಳೆ ಮರದ ಮುಂದೆ ಬಂದ ಕೂಡಲೇ ಬೆಳ್ಳಗಾಗುತ್ತದೆ. ಬಿದರಿಯ ಪಾಠ ಇದೇ. ಕಪ್ಪು ಹಿನ್ನೆಲೆ ಹುಡುಕಿ ನಿಲ್ಲಿ.

ಮನಾಲಿಯಲ್ಲಿ ಅದಕ್ಕೆ ಹಿಡಿಂಬಾ ಗುಡಿಗಿಂತ ಒಳ್ಳೆಯ ಜಾಗ ನಾನು ಕಂಡಿಲ್ಲ. 1553ರಲ್ಲಿ ಕಟ್ಟಿದ ಮರದ ಗುಡಿ, ಸುತ್ತ ಎತ್ತರದ ದೇವದಾರು ತೋಪು. ತೊಗಟೆ ಕಪ್ಪು, ಗುಡಿಯ ಮರ ಕಪ್ಪು. ಅದರ ಮುಂದೆ ಬೀಳುವ ಒಂದೊಂದು ಅರಳೆಯೂ ಕಣ್ಣಿಗೆ ಸಿಗುತ್ತದೆ. ಬೆಳಗ್ಗೆ ಬೇಗ ಹೋಗಿ, ಆಮೇಲೆ ಜನ ತುಂಬುತ್ತಾರೆ.

ಬರೆಯಲು ಶುರುಮಾಡುವಾಗ ಕಪ್ಪು ಕಾಗದ, ಬಿಳಿ ಪೆನ್ಸಿಲ್ ಹಿಡಿಯಿರಿ. ಹತ್ತು ನಿಮಿಷಕ್ಕೊಂದು ಚಿಕ್ಕ ಚಿತ್ರ. ಮೂರು ವಿಷಯ ಗಮನಿಸಿ. ಹತ್ತಿರದ ಅರಳೆ ದೊಡ್ಡದು, ಬೇಗ ಬೀಳುತ್ತದೆ, ಎಣಿಕೆಯಲ್ಲಿ ಕಡಿಮೆ. ಸ್ವಲ್ಪ ದೂರದ್ದು ಚಿಕ್ಕದು, ನಿಧಾನ, ಜಾಸ್ತಿ. ಇನ್ನೂ ದೂರದ್ದು ಚುಕ್ಕೆಯಾಗಿ ಕಾಣುವುದೇ ಇಲ್ಲ, ಬೂದು ಪರದೆಯಾಗಿ ಮರಗಳನ್ನು ಮಸುಕು ಮಾಡುತ್ತದೆ. ವಿದ್ಯಾರ್ಥಿಗಳು ಇಡೀ ಕಾಗದದ ತುಂಬ ಒಂದೇ ಗಾತ್ರದ ಚುಕ್ಕೆ ಇಡುತ್ತಾರೆ. ಅದು ಹಿಮ ಅಲ್ಲ, ಅಕ್ಕಿ ಚೆಲ್ಲಿದ ಹಾಗಿರುತ್ತದೆ. ಗಾಳಿ ಎತ್ತ ಇದೆ ನೋಡಿ, ಅತ್ತ ಓರೆಯಾಗಿ ಬೀಳಿಸಿ.

ಆಮೇಲೆ ಜಲವರ್ಣ. ಕಾರಿನ ಡಿಕ್ಕಿ ಬಾಗಿಲು ಮೇಲೆತ್ತಿ, ಅದರ ಕೆಳಗೆ ಕೂತು ಬರೆದರೆ ಕಾಗದದ ಮೇಲೆ ಹಿಮ ಬೀಳುವುದಿಲ್ಲ. ಮೊದಲು ದೂರದ ಬೂದು ಬಣ್ಣವನ್ನು ನೀರಾಗಿ, ತೆಳುವಾಗಿ ಹರಡಿ (ಇದಕ್ಕೇ ತೊಳೆ ಅನ್ನುವುದು), ಅಲ್ಟ್ರಾಮರೀನ್ ಜೊತೆ ಚೂರು ಕಂದು. ಅದು ಆರುವ ತನಕ ಕಾಯಲು ಆಗುವುದಿಲ್ಲ, ಆ ಚಳಿಯಲ್ಲಿ ಆರುವುದೇ ಇಲ್ಲ. ಹಾಗಾಗಿ ಒಂದು ಹಾಳೆಗೆ ಒಂದೇ ತೊಳೆ ಹಾಕಿ, ಕೋಣೆಗೆ ಒಯ್ದು ಮುಗಿಸಿ. ಕೊಂಬೆಯ ಮೇಲೆ ಕೂತ ಹಿಮಕ್ಕೆ ಮೊದಲೇ ಮೇಣದಬತ್ತಿ ಉಜ್ಜಿದ್ದರೆ ಅಲ್ಲಿ ಬಣ್ಣ ಹಿಡಿಯುವುದಿಲ್ಲ. ಬೀಳುವ ಹಿಮವನ್ನು ಎಲ್ಲಕ್ಕಿಂತ ಕೊನೆಗೆ, ಪೂರ್ತಿ ಆರಿದ ಮೇಲೆ, ಬಿಳಿ ಗ್ವಾಷನ್ನು ಹಲ್ಲು ಬ್ರಷ್‌ನಿಂದ ಸಿಡಿಸಿ ತರಬೇಕು. ಕಪ್ಪು ಜಾಗದ ಮೇಲೆ ಸಿಡಿಸಿ, ಆಕಾಶವನ್ನು ಕಾಗದದಿಂದ ಮುಚ್ಚಿಡಿ. ಕಡಿಮೆ ಸಿಡಿಸಿ. ನನ್ನ ಬಹಳ ಚಿತ್ರಗಳು ಕೆಟ್ಟದ್ದು ಇದೊಂದು ಕಡೆಯೇ.

ಫೋಟೊ ತೆಗೆಯುವವರಿಗೆ ಎರಡೇ ಮಾತು. ಹಿಮವನ್ನು ಕ್ಯಾಮೆರಾ ಬೂದು ಮಾಡಿಬಿಡುತ್ತದೆ, ಬೆಳಕಿನ ಅಳತೆಯನ್ನು (ಎಕ್ಸ್‌ಪೋಶರ್) ಒಂದು ಮೆಟ್ಟಿಲು ಜಾಸ್ತಿ ಮಾಡಿ. ಬೆಚ್ಚಗಿನ ಕೋಣೆಗೆ ತರುವ ಮುಂಚೆ ಕ್ಯಾಮೆರಾವನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಇಲ್ಲದಿದ್ದರೆ ಲೆನ್ಸಿನೊಳಗೆ ನೀರಾಡುತ್ತದೆ.

9. ಹಿಮದ ಮೇಲೆ ಗಾಡಿ: ಬೇಡ

ಇಲ್ಲಿ ನನ್ನ ಮಾತು ಖಡಾಖಂಡಿತ. 2,200 ಕಿ.ಮೀ. ಓಡಿಸಿಕೊಂಡು ಬಂದ ಧೈರ್ಯದಲ್ಲಿ ಹಿಮದ ರಸ್ತೆಗೆ ಇಳಿಯಬೇಡಿ. ಕಾರನ್ನು ಮನಾಲಿಯಲ್ಲಿ ನಿಲ್ಲಿಸಿ, ನಾಲ್ಕು ಚಕ್ರಕ್ಕೂ ಎಂಜಿನ್ ಬಲ ಹೋಗುವ ಅಲ್ಲಿನ ಬಾಡಿಗೆ ಗಾಡಿ, ಅಲ್ಲಿನ ಚಾಲಕರನ್ನು ಕರೆದುಕೊಳ್ಳಿ. ಹಿಮ ಜಾಸ್ತಿಯಾದಾಗ ಪೊಲೀಸರು ಬೇರೆ ಗಾಡಿ ಬಿಡುವುದೂ ಇಲ್ಲ. ಬಿದ್ದ ಹಿಮಕ್ಕಿಂತ ಅಪಾಯ ಅದು ಕರಗಿ ರಾತ್ರಿ ಮತ್ತೆ ಗಟ್ಟಿಯಾದ ಗಾಜಿನಂಥ ಪದರ. ಡಾಂಬರಿನ ಬಣ್ಣದಲ್ಲೇ ಇರುವುದರಿಂದ ಕಾಣುವುದಿಲ್ಲ. ನೆರಳಿನ ತಿರುವು, ಸೇತುವೆಗಳಲ್ಲಿ ಇದು ಜಾಸ್ತಿ. ಊರೊಳಗೇ ಇದು ಎದುರಾದರೆ ಬ್ರೇಕ್ ಒತ್ತಬೇಡಿ, ಗೇರ್ ಇಳಿಸಿ ನಿಧಾನ ಮಾಡಿ.

ರಾತ್ರಿ ನಿಲ್ಲಿಸುವಾಗ ಹ್ಯಾಂಡ್‌ಬ್ರೇಕ್ ಎಳೆಯಬೇಡಿ, ಹೆಪ್ಪುಗಟ್ಟಿ ಕಚ್ಚಿಕೊಳ್ಳುತ್ತದೆ. ಗೇರಿನಲ್ಲಿಟ್ಟು ಚಕ್ರಕ್ಕೆ ಕಲ್ಲು ಕೊಡಿ. ವೈಪರ್ ಎತ್ತಿ ನಿಲ್ಲಿಸಿ. ಬೆಳಗ್ಗೆ ಗಾಜಿಗೆ ಬಿಸಿನೀರು ಸುರಿಯಬೇಡಿ, ಸೀಳುತ್ತದೆ.

ಎರಡು ದಿನ ಜೋರಾಗಿ ಹಿಮ ಬಿದ್ದ ಮೇಲೆ ಸೋಲಂಗ್‌ನಿಂದ ಸುರಂಗದ ಕಡೆಗೆ ಹೋಗಬೇಡಿ, ಮೇಲಿನ ಇಳಿಜಾರಿನಿಂದ ಹಿಮದ ರಾಶಿಯೇ ಜಾರಿ ಬರುತ್ತದೆ. ಹವಾಮಾನ ಇಲಾಖೆಯ ಕಿತ್ತಳೆ, ಕೆಂಪು ಎಚ್ಚರಿಕೆ ಬಂದ ದಿನ ಇದ್ದಲ್ಲೇ ಇರಿ. ಚಿತ್ರಕ್ಕೆ ಬೇಕಾದ ಹಿಮ ಊರೊಳಗೇ ಬೀಳುತ್ತದೆ.

ಇನ್ನೊಂದನ್ನು ದೊಡ್ಡ ಅಕ್ಷರದಲ್ಲಿ ಬರೆದುಕೊಳ್ಳಿ. ಕೋಣೆ ಬೆಚ್ಚಗಾಗಲಿ ಅಂತ ಇದ್ದಿಲು ಶೇಗಡಿ ಹಚ್ಚಿ ಬಾಗಿಲು ಮುಚ್ಚಿ ಮಲಗಬೇಡಿ. ಕಾರಿನಲ್ಲಿ ಎಂಜಿನ್ ಚಾಲೂ ಇಟ್ಟು ಮಲಗಬೇಡಿ. ಹೊಗೆ ಕೊಳವೆಗೆ ಹಿಮ ಮುಚ್ಚಿಕೊಂಡರೆ ವಿಷದ ಗಾಳಿ ಒಳಗೇ ತುಂಬುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನಿದ್ದೆಯಲ್ಲೇ ಜೀವ ಹೋಗುತ್ತದೆ.

10. ವಾಪಸ್ ಬಂದ ಮೇಲೆ

ಹಾಳೆಗಳನ್ನು ಪೂರ್ತಿ ಆರಿಸಿ, ನಡುವೆ ಹಳೆಯ ದಿನಪತ್ರಿಕೆ ಇಟ್ಟು, ಎರಡು ಹಲಗೆ ನಡುವೆ ಕಟ್ಟಿ ತನ್ನಿ. ಕಾರಿನ ಅಡಿಭಾಗವನ್ನು ಚೆನ್ನಾಗಿ ತೊಳೆಸಿ, ದಾರಿಯ ಕೆಸರು ಕೂತರೆ ತುಕ್ಕು ಹಿಡಿಯುತ್ತದೆ.

ದೊಡ್ಡ ಚಿತ್ರ ಬರೆಯುವುದಿದ್ದರೆ ಬಂದ ಹದಿನೈದು ದಿನದೊಳಗೆ ಶುರುಮಾಡಿ. ನಮ್ಮ ಮಾರ್ಚ್ ಬಿಸಿಲಿಗೆ ಕಣ್ಣು ಹೊಂದಿಕೊಂಡ ಮೇಲೆ ಆ ನೀಲಿ ನೆನಪಿಗೆ ಬರುವುದು ಕಷ್ಟ. ಬೆಳಗ್ಗೆ ಒಂಬತ್ತರೊಳಗೆ ಕೆಲಸ ಮಾಡಿ, ಆಮೇಲೆ ತೊಳೆ ಹಾಕಿದ ಕೂಡಲೇ ಒಣಗಿಬಿಡುತ್ತದೆ. ಫೋಟೊ ನೋಡಿ ಬಣ್ಣ ಹಾಕಬೇಡಿ. ಅಲ್ಲೇ ಬರೆದ ಆ ಹತ್ತು ನಿಮಿಷದ ಹಾಳೆಗಳನ್ನು ಎದುರಿಗಿಟ್ಟುಕೊಳ್ಳಿ, ಕೊಳಕಾಗಿದ್ದರೂ ಅವೇ ನಿಜ. ಒಂದೊಂದರ ಹಿಂದೆಯೂ ಪೆನ್ಸಿಲ್‌ನಲ್ಲಿ ಊರು, ದಿನ, ಹೊತ್ತು, ಗಾಳಿ ಎತ್ತ ಇತ್ತು ಅನ್ನುವುದನ್ನು ಅವತ್ತೇ ಬರೆದಿಡಿ. ನನ್ನ ಮೊದಲ ಹಾಳೆಯ ಹಿಂದೆ ‘ನಗ್ಗರ್, ರಾತ್ರಿ 2, ಗಾಳಿ ಇಲ್ಲ’ ಅಂತಿದೆ. ಅದನ್ನು ಓದಿದ ಕೂಡಲೇ ಆ ದೀಪ, ಆ ಕತ್ತಲು ವಾಪಸ್ ಬರುತ್ತದೆ.